ಮೇಲಿನ ಸಾಲು, ಕೆಳಗಿನ ಸಾಲು

ಮಹಾರಾಷ್ಟ್ರಕ್ಕೆ ಸೇರಿದ ಗಡಿಯ ಕನ್ನಡ ಊರು ಸಂಖ. ಅಲ್ಲಿಯ ಕ್ಯಾಪ್ಟನ್ ಗುರುಸಿದ್ದಪ್ಪನವರ ಮನೆಗೆ ಹೊಸಬರು ಯಾರೇ ಬರಲಿ, ಚಹಾ ಕೊಡುವ ಮೊದಲು ಅವರನ್ನು ಗೋಡೆಯ ಮುಂದೆ ನಿಲ್ಲಿಸುವುದು ವಾಡಿಕೆ. ಮೊಮ್ಮಗನ ಹೆಂಡತಿಯಾಗಿ ಬಂದ ಮೋನಾಲಿಗೂ ಅದು ತಪ್ಪಲಿಲ್ಲ. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದವಳು ಇನ್ನೂ ಸರಿಯಾಗಿ ಕುಳಿತಿರಲಿಲ್ಲ, ಅಜ್ಜ ಬಡಿಗೆ ಊರಿಕೊಂಡು ಬಂದು, "ಬಾ ಯವ್ವಾ, ಮೊದಲ ನಮ್ಮ ಮಂದೀನ ನೋಡು. ಮನಿ ಎಲ್ಲಿ ಓಡಿ ಹೋಗತದ?" ಎಂದು ಕರೆದೊಯ್ದಿದ್ದರು.

ಪಡಸಾಲೆಯಲ್ಲಿ ಎದುರುಬದುರು ಎರಡು ಗೋಡೆ. ಒಂದರ ಮೇಲೆ ಕ್ಯಾಪ್ಟನ್ನರೊಬ್ಬರೇ. ಬೆಳಗಾವಿಯ ಫೌಜಿನ ಸೆಂಟರಿನಲ್ಲಿ ತಲೆ ಬೋಳಿಸಿಕೊಂಡು ಪಿಳಿಪಿಳಿ ಕಣ್ಣು ಬಿಡುವ, ಆಗಷ್ಟೇ ಭರ್ತಿಯಾದ ರಂಗರೂಟ. ಎಪ್ಪತ್ತೊಂದರ ಲಡಾಯಿಯಲ್ಲಿ ಕೆಸರು ಮೆತ್ತಿದ ಬೂಟಿನ ಸಿಪಾಯಿ. ಲಂಕೆಯ ತೆಂಗಿನ ತೋಪಿನಲ್ಲಿ ನಿದ್ದೆಗೆಟ್ಟ ಕಣ್ಣಿನ ಸುಬೇದಾರ. ಹಿಮದ ಗುಡ್ಡದ ಮೇಲೆ ಮೂಗೊಂದು ಬಿಟ್ಟರೆ ಏನೂ ಕಾಣದ ಬಟ್ಟೆಯ ಗಂಟು. ಕಡೆಗೆ ಹೆಗಲ ಮೇಲೆ ಮೂರು ನಕ್ಷತ್ರ ಹೊತ್ತು, ನಗಬೇಕೋ ಬೇಡವೋ ಎಂಬ ಅನುಮಾನದಲ್ಲೇ ನಿಂತ ಕ್ಯಾಪ್ಟನ್. ಸಿಪಾಯಿಯಾಗಿ ಹೋದವನು ಕ್ಯಾಪ್ಟನ್ ಆಗಿ ಬಂದ ಎಂದರೆ ಊರು ಸುಮ್ಮನೆ ನಂಬುತ್ತದೆಯೇ? ನಮ್ಮ ಊರುಗಳ ಬಾಯಿ ಎಂಥದೆಂದು ಬಲ್ಲವರೇ ಬಲ್ಲರು. ಆ ಬಾಯಿ ಮುಚ್ಚಿಸಲಿಕ್ಕೆಂದೇ ಈ ಗೋಡೆ.

ಎದುರಿನ ಗೋಡೆಯ ರೀತಿ ಬೇರೆ. ಅದರಲ್ಲಿ ಎರಡು ಸಾಲು. ಎಪ್ಪತ್ತೊಂದರಲ್ಲಿ ಜೊತೆಗೆ ಕಾದಿದವರ ಗುಂಪಿನ ಫೋಟೋಗಳನ್ನು ಕ್ಯಾಪ್ಟನ್ನರು ಜತ್ತದ ಸ್ಟುಡಿಯೋಕ್ಕೆ ಒಯ್ದು, ಒಬ್ಬೊಬ್ಬನನ್ನೂ ಬೇರೆ ಮಾಡಿಸಿ, ಒಬ್ಬೊಬ್ಬನಿಗೂ ಒಂದು ಕಟ್ಟು ಹಾಕಿಸಿ ತಂದಿದ್ದರು. ಇದ್ದವರು ಕೆಳಗಿನ ಸಾಲಿನಲ್ಲಿ, ಹೋದವರು ಮೇಲಿನ ಸಾಲಿನಲ್ಲಿ. ಯಾರದಾದರೂ ಸಾವಿನ ಸುದ್ದಿ ಬಂದರೆ ಕ್ಯಾಪ್ಟನ್ನರು ಸ್ನಾನ ಮಾಡಿ, ಫೌಜಿನ ಟೊಪ್ಪಿಗೆ ಇಟ್ಟು, ಸ್ಟೂಲು ಹತ್ತಿ ಆ ಫೋಟೋವನ್ನು ಕೆಳಗಿನಿಂದ ಮೇಲಕ್ಕೆ ಹಾಕುವರು. ಇಳಿದು ಒಂದು ಸಲ್ಯೂಟ್. ಆ ಮನೆಯಲ್ಲಿ ಯಾರೂ 'ಸತ್ತರು' ಎನ್ನುತ್ತಿರಲಿಲ್ಲ. "ಅವರನ್ನ ಮ್ಯಾಲ ಹಾಕಿದ್ರು" ಎಂದರೆ ಮುಗಿಯಿತು, ಕೇಳಿದವರು ತಲೆ ತಗ್ಗಿಸುತ್ತಿದ್ದರು.

ವರ್ಷಗಳು ಹೋದಂತೆ ಮೇಲಿನ ಸಾಲು ತುಂಬಿತು, ಕೆಳಗೆ ಬರೀ ಮೊಳೆಗಳು ಉಳಿದವು. ಮೋನಾಲಿ ಬರುವ ಹೊತ್ತಿಗೆ ಕೆಳಗಿದ್ದದ್ದು ಎರಡೇ ಫೋಟೋ, ಒಂದರ ಮಗ್ಗುಲಿಗೆ ಒಂದು. ಒಂದರಲ್ಲಿ ಇಬ್ಬರು ಹುಡುಗರು, ಒಡೆದ ಗೋಡೆಯೊಂದರ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಾರೆ. ತೊಡೆಯ ಮೇಲೆ ಬಂದೂಕು, ನಡುವೆ ಒಂದು ಡಬ್ಬಿ, ಡಬ್ಬಿಯಲ್ಲಿ ಊರಿನಿಂದ ಬಂದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಒಬ್ಬ ನಮ್ಮ ಗುರುಸಿದ್ದಪ್ಪ. ಅವರ ಹೆಗಲ ಮೇಲೆ ತೋಳು ಹಾಕಿ, ಬಾಯಿ ತುಂಬ ಹಿಂಡಿ ತುಂಬಿಕೊಂಡು ನಗುವವನು ಬೆಳುಂಕಿಯ ವಿಠೋಬಾ. ಎಲ್ಲರನ್ನೂ ಬೇರೆ ಮಾಡಿಸುವಾಗ ಈ ವಿಠೋಬಾ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲವಂತೆ. ಬೇರೆ ಮಾಡಿಸಿದರೆ ಆ ತೋಳು ಕತ್ತರಿಗೆ ಸಿಗುತ್ತಿತ್ತು. "ಲಡಾಯ್ಯಾಗ ಉಳದ ಕೈ ಐತೋ ಇದು. ನೀ ಜತ್ತದಾಗ ಕುಂತು ಕಡಸ್ತಿಯೇನು?" ಎಂದು ಜಗಳ ತೆಗೆದಿದ್ದನಂತೆ. ಹಾಗಾಗಿ ಅದೊಂದು ಫೋಟೋ ಜೋಡಿಯಾಗಿಯೇ ಉಳಿಯಿತು.

ಇನ್ನೊಂದು ಫೋಟೋ ಮೋನಾಲಿಯ ಗಂಡ ರವಿಕುಮಾರನದು, ಸಮವಸ್ತ್ರದಲ್ಲಿ. ಫೌಜಿಗೆ ಸೇರಿದ ವರ್ಷವೇ ಅಜ್ಜ ಅದನ್ನು ಅಲ್ಲಿಗೆ ತೂಗು ಹಾಕಿದ್ದರು. ರವಿಯ ತಾಯಿ ಹಾಲವ್ವನಿಗೆ ಅದು ಸುತರಾಂ ಹಿಡಿಸಿರಲಿಲ್ಲ. "ದೇವರ ಖೋಲ್ಯಾಗ ಹಾಕ್ರಿ, ಅಡಗಿಮನ್ಯಾಗ ಹಾಕ್ರಿ, ಆ ಗೋಡಿಗೆ ಮಾತ್ರ ಬ್ಯಾಡ್ರಿ ಮಾವಾರ" ಎಂದು ಬೇಡಿಕೊಂಡಿದ್ದಳು. "ಕೆಳಗಿನ ಸಾಲಂದ್ರ ಇದ್ದವರ ಸಾಲು. ಅದರಾಗ ಹೆದರೂದೇನೈತಿ?" ಎಂದಿದ್ದರು ಮುದುಕರು. ತಾಯಿಯ ಹೊಟ್ಟೆಯೊಳಗಿನ ಕಳವಳಕ್ಕೆ ಕ್ಯಾಪ್ಟನ್ನರ ಕಾನೂನು ತಿಳಿಯುತ್ತದೆಯೇ?

ಮೋನಾಲಿ ಮಿರಜ ಕಡೆಯ ಹುಡುಗಿ. ಜಾತಿ ಒಂದೇ, ಕೊರಳಿನ ಲಿಂಗ ಒಂದೇ, ಮಾತು ಮಾತ್ರ ಮರಾಠಿ. ಬಂದ ಹೊಸದರಲ್ಲಿ ಅತ್ತೆ ತುಂಬಿದ ಬಿಂದಿಗೆ ತೋರಿಸಿ "ಕೆಳಗ ಇಡು" ಎಂದರೆ, ಇವಳು ಒಳಗೆ ಓಡಿ ಬಾಳೆಹಣ್ಣು ತಂದು ಕೈಗಿಟ್ಟಿದ್ದಳು. ಮರಾಠಿಯಲ್ಲಿ 'ಕೇಳಂ' ಎಂದರೆ ಬಾಳೆಹಣ್ಣು, ಪಾಪ, ಅವಳದೇನು ತಪ್ಪು? ಹಾಲವ್ವ ನಕ್ಕು ನಕ್ಕು ಕುಸಿದು ಕುಳಿತಳು. ಆ ಸುದ್ದಿ ಹಿಟ್ಟಿನ ಗಿರಣಿಯಿಂದ ಬಸ್ ಸ್ಟ್ಯಾಂಡಿನ ತನಕ ಹೋಗಿ, ಸೊಸೆಗೆ 'ಬಾಳಿಹಣ್ಣ' ಎಂಬ ಅಡ್ಡಹೆಸರೇ ಬಿತ್ತು. ರವಿ ಅಂದಿನಿಂದ ಹೆಂಡತಿಯೊಡನೆ ಹಟ ಹಿಡಿದು ಕನ್ನಡದಲ್ಲೇ ಮಾತಾಡತೊಡಗಿದ. ಅವಳೂ ಕಲಿತಳು, ಅರ್ಧಂಬರ್ಧ.

ಈ ನಗುವೆಲ್ಲ ಕಳೆದ ದಸರೆಯ ತನಕ. ದಸರೆಯ ಮುಂದೆ ಕ್ಯಾಪ್ಟನ್ನರಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದವು, ಮಾತೂ ಹೋಯಿತು. ಉಳಿದದ್ದು 'ಹೂಂ' ಒಂದೇ. ಊಟಕ್ಕೆ ಕರೆದರೆ ಹೂಂ, ಊಟ ಬೇಡವೇ ಎಂದರೂ ಹೂಂ. ಕಣ್ಣು ಬೇರೆ ಏನನ್ನೋ ಹೇಳುತ್ತಿರುತ್ತಿತ್ತು, ಬಾಯಿ ಹೂಂ ಎನ್ನುತ್ತಿತ್ತು. ಆದರೂ ಬೆಳುಂಕಿಯಿಂದ ವಿಠೋಬಾ ದಿನವೂ ಮುಂಜಾನೆ ಫೋನು ಮಾಡುವುದನ್ನು ಬಿಡಲಿಲ್ಲ. ಕ್ಯಾಪ್ಟನ್ನರ ಕೊರಳಿಗೆ ದಾರದಲ್ಲಿ ಕಟ್ಟಿದ ಸಣ್ಣ ಮೊಬೈಲಿನಲ್ಲಿ ಅವನ ದೊಡ್ಡ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು. "ರಾಮ್ ರಾಮ್ ಸಾಹೇಬ್ರ! ಏನ್ ತಿಂದ್ರಿ? ರೊಟ್ಟಿ? ಚಲೋ ಆತು. ಇಲ್ಲೇನೂ ಮಳಿ ಇಲ್ಲ." ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ಈ ಕಡೆಯಿಂದ ಹೂಂ.

ಆಮೇಲೆ ಬಂತು ಈ ಬೇಸಿಗೆ. ದೇಶದ ಗಡಿಯಲ್ಲಿ ಗುಂಡಿನ ಸದ್ದು ಶುರುವಾಯಿತು. ಟಿವಿ ತೆಗೆದರೆ ಕೆಂಪು ಅಕ್ಷರ, ಸೈರನ್ನು, ಚೀರಾಟ. ಕುರ್ಚಿಯ ಮೇಲೆ ಕುಳಿತು ಲಡಾಯಿ ಮಾಡುವವರಿಗೆ ಗಂಟಲು ಬಿಟ್ಟರೆ ಖರ್ಚಾಗುವುದು ಏನೂ ಇಲ್ಲ. ಇಲ್ಲಿ ಹಾಲವ್ವನಿಗೆ ತುತ್ತು ಇಳಿಯುತ್ತಿರಲಿಲ್ಲ. ರವಿ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಕಡೆಯ ಸಲ ಮಾತಾಡಿದಾಗ, "ಇನ್ನ ಸ್ವಲ್ಪ ದಿನ ಫೋನ್ ಹತ್ತೂದಿಲ್ಲ, ಹೆದರಬ್ಯಾಡ" ಎಂದಿದ್ದ. ಹೆದರಬೇಡ ಎಂದು ಹೇಳಿಸಿಕೊಂಡ ಮೇಲೆ ಹೆದರದೆ ಇರುವವರು ಯಾರು? ಮೋನಾಲಿ ಫೋನನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಕಸ ಗುಡಿಸುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಅವನು ರಜೆ ಮುಗಿಸಿ ಹೋಗುವಾಗ ಹೇಳಿದ ಇನ್ನೊಂದು ಮಾತು ಅವಳ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು. "ಏನರ ಆದ್ರ ಮೊದಲ ಮುತ್ಯಾನ ಫೋನಿಗೆ ಬರತದ. ಅವರ ನಂಬರ ಕೊಟ್ಟೀನಿ. ಅವರು ಫೌಜಿನವರು, ನಿಮಗ ಹ್ಯಾಂಗ ಹೇಳಬೇಕು ಅನ್ನೂದು ಅವರಿಗೆ ಗೊತ್ತದ." ಆಗ ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಮಾತಿತ್ತು.

ಆ ದಿನ ಮುಂಜಾನೆ ಬೆಳುಂಕಿಯ ಫೋನು ಬರಲಿಲ್ಲ. ಬರಲಿಲ್ಲ ಎಂಬುದನ್ನು ಮನೆಯಲ್ಲಿ ಒಬ್ಬರೂ ಗಮನಿಸಲಿಲ್ಲ. ಹಾಲವ್ವನ ಗಂಡ ಶಿದ್ರಾಯ ತನ್ನ ಬೀಜ-ಗೊಬ್ಬರದ ಅಂಗಡಿಗೆ ಮಾಲು ತರಲು ಜತ್ತಕ್ಕೆ ಹೋದ. ಹಾಲವ್ವ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಳು. ಮೋನಾಲಿ ಒಲೆಯ ಮುಂದಿದ್ದಳು. ಬಿಸಿಲು ಆಗಲೇ ಅಂಗಳವನ್ನು ಕಾಯಿಸಿತ್ತು.

ಪಡಸಾಲೆಯಲ್ಲಿ ಮುತ್ಯಾನ ಫೋನು ಹೊಡೆದುಕೊಂಡಿತು. ಅವಳ ಕೈ ಹಿಟ್ಟಿನಲ್ಲೇ ನಿಂತಿತು. ವಿಠೋಬಾ ಅಜ್ಜನಿರಬೇಕು ಎಂದುಕೊಂಡಳು, ಆದರೆ ಆ ದೊಡ್ಡ ದನಿ ಕೇಳಲಿಲ್ಲ. ಯಾರೋ ಸಣ್ಣಗೆ ಮಾತಾಡುತ್ತಿದ್ದರು, ಏನೆಂದು ತಿಳಿಯಲಿಲ್ಲ. ಮುತ್ಯಾನ 'ಹೂಂ' ಒಂದು ಸಲ ಬಂತು. ಎರಡನೆಯದು ಬರಲಿಲ್ಲ. ಬಂದದ್ದು ಬಡಿಗೆಯ ಸದ್ದು, ಗೋಡೆಗೆ ಟಕ್, ಟಕ್, ಟಕ್.

ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಯಾರಾದರೂ ಎಬ್ಬಿಸಿದರೆ ಮಾತ್ರ ಏಳುತ್ತಿದ್ದ ಮುದುಕರು ತಾವಾಗಿಯೇ ಎದ್ದು ನಿಂತಿದ್ದರು. ಎಡಗೈಯಲ್ಲಿ ಬಡಿಗೆ, ಬಡಿಗೆಯ ತುದಿ ಫೋಟೋಗಳ ಗೋಡೆಯ ಮೇಲೆ, ಕೆಳಗಿನ ಸಾಲಿನ ಹತ್ತಿರ ನಡುಗುತ್ತಿತ್ತು. ಕಣ್ಣಿನಿಂದ ನೀರು ಇಳಿದು ಬಿಳಿ ಮೀಸೆಯೊಳಗೆ ಸೇರುತ್ತಿತ್ತು. ಬಾಯಿ ಸೊಟ್ಟಗೆ ತೆರೆದು, ಏನನ್ನೋ ಹೊರಹಾಕಲು ಒದ್ದಾಡಿ, ದಸರೆಯಿಂದ ಈಚೆಗೆ ಮೊದಲ ಬಾರಿಗೆ ಅವರು ಹೂಂ ಅಲ್ಲದ ಒಂದು ಮಾತು ಆಡಿದರು.

"ಮೇ... ಲಾ."

ಮೋನಾಲಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು ನಿಜ. ಆದರೆ ಹೆದರಿದ ಕಿವಿ ಕೇಳುವುದು ತಾಯಿಮಾತನ್ನು. ಮರಾಠಿಯಲ್ಲಿ 'ಮೇಲಾ' ಎಂದರೆ ಸತ್ತ.

"ಕಾಯ್? ಮುತ್ಯಾ, ಕಾಯ್ ಝಾಲಂ? ಏನಾತ್ರಿ? ಯಾರು?"

ಬಡಿಗೆ ಮತ್ತೆ ಗೋಡೆಗೆ ಬಡಿಯಿತು. ತುದಿ ಅತ್ತ ಇತ್ತ ಹೊಯ್ದಾಡುತ್ತಿತ್ತು. ಮೋನಾಲಿಯ ಕಣ್ಣಿಗೆ ಅಲ್ಲಿ ಕಂಡದ್ದು ಒಂದೇ ಮುಖ. "ಮೇ... ಲಾ" ಎಂದರು ಮುದುಕರು ಮತ್ತೊಮ್ಮೆ.

ಮುತ್ಯಾನ ಕೊರಳಿನ ಫೋನನ್ನು ಹಿಡಿದು ನೋಡಿದಳು. ಬಂದ ಕರೆಗೆ ಹೆಸರಿರಲಿಲ್ಲ, ಬರೀ ನಂಬರು. ಗೊತ್ತಿಲ್ಲದ ನಂಬರು. ಹಿಟ್ಟು ಮೆತ್ತಿದ ಬೆರಳಿನಿಂದ ಅದನ್ನೇ ಒತ್ತಿದಳು. ನೀವು ಕರೆದವರು ಬೇರೆ ಕರೆಯಲ್ಲಿದ್ದಾರೆ ಎಂದು ಹೆಂಗಸೊಬ್ಬಳು ಮರಾಠಿಯಲ್ಲಿ ನಯವಾಗಿ ಹೇಳಿದಳು. ಮತ್ತೆ ಒತ್ತಿದಳು, ಮತ್ತೆ ಅದೇ ನಯ. ಯಾರಿಗೆ ಹೇಳುತ್ತಿದ್ದಾರೆ ಇವರು? ಇನ್ನೂ ಯಾವ ಯಾವ ಮನೆಗೆ ಹೇಳುತ್ತಿದ್ದಾರೆ? ಮಾವನಿಗೆ ಮಾಡಿದಳು. ಶಿದ್ರಾಯ ಬೈಕಿನ ಮೇಲಿದ್ದನೋ ಏನೋ, ಎತ್ತಲಿಲ್ಲ.

ಆಗ ಅವಳಿಗೆ ಒಂದು ವಿಚಿತ್ರ ವಿಚಾರ ಬಂತು. ಇದು ಗೊತ್ತಿರುವುದು ಮಾತಿಲ್ಲದ ಮುದುಕರಿಗೆ ಮತ್ತು ತನಗೆ. ತಾನು ಬಾಯಿ ಬಿಡದಿದ್ದರೆ ಅತ್ತೆ ಗಿರಣಿಯಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಾಳೆ, ಮಾವ ಸಂಜೆಗೆ ಅಂಗಡಿ ತೆರೆಯುತ್ತಾನೆ, ರವಿಯೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತಾನೆ. ಹೇಳದ ಸುದ್ದಿ ಇನ್ನೂ ಆಗಿಲ್ಲದ ಸುದ್ದಿ. ಹಾಗೆ ಅಂದುಕೊಂಡು ಒಲೆಯ ಕಡೆ ನಾಲ್ಕು ಹೆಜ್ಜೆ ಹೋದಳು ಕೂಡ, ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಆದರೆ ಮೈಯೆಂಬುದು ಇದೆಯಲ್ಲ, ಅದು ಸುಳ್ಳು ಹೇಳಲಾರದು. ಬಳೆಗಳು ಒಂದಕ್ಕೊಂದು ತಾಗಿ ಗಿಲಗಿಲ ಎಂದವು. ಹಸಿರು ಬಳೆಗಳನ್ನು ನೋಡಿದವಳೇ ಅಲ್ಲೇ ಹೊಸ್ತಿಲ ಮೇಲೆ ಕುಸಿದಳು.

ಹಾಲವ್ವ ಹಿಟ್ಟಿನ ಡಬ್ಬಿ ಹೊತ್ತು, ಗಿರಣಿಯವನನ್ನು ಬೈಯುತ್ತ ಬಾಗಿಲಿಗೆ ಬಂದಳು. "ಹಿಟ್ಟು ಬೀಸಂದ್ರ ರವಾ ಮಾಡಿ ಕೊಟ್ಟಾನ, ಇವನ ಗಿರಣಿಗೆ ಬೆಂಕಿ..." ಎನ್ನುತ್ತಿದ್ದವಳು ಸೊಸೆಯ ಮುಖ ಕಂಡು ನಿಂತಳು. "ಏನಾತ?"

"ಆಯಿ..." ಎಂದಳು ಮೋನಾಲಿ. ಹೇಳಬಾರದೆಂದಿದ್ದ ಮಾತು ತಾನಾಗಿ ಬಂತು. "ಮುತ್ಯಾಗ ಫೋನ್ ಬಂತು. ಮುತ್ಯಾ, ಮೇಲಾ ಅಂತಾರ."

"ಯಾರು ಮೇಲಾ?" ಹಾಲವ್ವ ಡಬ್ಬಿಯನ್ನು ಸೊಂಟಕ್ಕೆ ಇಳಿಸಿಕೊಂಡು ಪಡಸಾಲೆಗೆ ಬಂದಳು. "ಮಾವಾರ, ಏನಂದ್ರಿ? ಇನ್ನೊಮ್ಮೆ ಅನ್ರಿ."

"ಮ್ಯಾ... ಲ" ಎಂದರು ಕ್ಯಾಪ್ಟನ್ನರು.

ಹಾಲವ್ವ ಕಿವಿಗೊಟ್ಟು ಕೇಳಿದಳು. ಕೇಳಿ, ಉಸಿರು ಬಿಟ್ಟು, ಫಕ್ಕನೆ ನಕ್ಕಳು. "ಅಯ್ಯ ನನ್ನ ಬಾಳಿಹಣ್ಣ! ಮೇಲಾ ಅಲ್ಲ ಅದು, ಮ್ಯಾಲ! ಮ್ಯಾಲ ಅಂದ್ರ ನಿಮ್ಮ ಮಾತಿನ್ಯಾಗ ವರ. ಮ್ಯಾಲ, ಕೆಳಗ. ನನ್ನ ಎದಿ ಒಡಸಿದೆಲ್ಲ ಹುಚ್ಚಿ! ಮಾವಾರಿಗೆ ಮಾತು ಬಂದದ, ಸಕ್ಕರಿ ಹಂಚೂದು ಬಿಟ್ಟು ಅಳಕೋತ ಕುಂತೀಯಲ್ಲ!"

ಮೋನಾಲಿಗೂ ಹೋದ ಜೀವ ಬಂದಂತಾಯಿತು. ಅಳುತ್ತಲೇ ನಕ್ಕಳು. 'ಮೇಲೆ'. ಅಷ್ಟೇ. ಮೇಲೆ. ತಾನೆಂಥ ದಡ್ಡಿ. ಅತ್ತೆಯ ಸೆರಗು ಹಿಡಿದು ಎದ್ದು ನಿಂತಳು. ಎದ್ದು ನಿಂತು ಅತ್ತೆಯ ಮುಖ ನೋಡಿದರೆ, ಅಲ್ಲಿ ನಗು ಇರಲಿಲ್ಲ.

ಹಾಲವ್ವ ಬಡಿಗೆಯ ತುದಿಯನ್ನು ನೋಡುತ್ತಿದ್ದಳು. ಬಡಿಗೆ ಯಾವ ಗೋಡೆಯ ಮೇಲಿದೆ, ಯಾವ ಸಾಲಿನ ಹತ್ತಿರವಿದೆ ಎಂದು ಈಗ ನೋಡಿದಳು. ಆ ಮನೆಯಲ್ಲಿ, ಆ ಗೋಡೆಯ ಮುಂದೆ ನಿಂತು 'ಮ್ಯಾಲ' ಎಂದರೆ ಏನು ಅರ್ಥ ಎಂಬುದು ಮಿರಜದ ಹುಡುಗಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿ ಸೊಂಟದಿಂದ ಜಾರಿ ಬಿತ್ತು. ಹಿಟ್ಟು ನೆಲಕ್ಕೆಲ್ಲ ಚೆಲ್ಲಿತು.

"ಯಾರನ್ನ?" ಎಂದಳು. "ಯಾರನ್ನ ಮ್ಯಾಲ, ಮಾವಾರ? ರವೀನ್ನ ಏನ್ರಿ?"

"ಹೂಂ" ಎಂದರು ಮುದುಕರು.

ಎಲ್ಲದಕ್ಕೂ ಹೂಂ ಎನ್ನುವ ಬಾಯಿ ಅದು. ಊಟಕ್ಕೂ ಹೂಂ, ಊಟ ಬೇಡವೆಂಬುದಕ್ಕೂ ಹೂಂ. ಇಬ್ಬರು ಹೆಂಗಸರಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ಆ ಹೂಂ ಕೊರಳಿಗೆ ಬಿದ್ದ ಹಗ್ಗವಾಯಿತು. ಕೆಳಗಿನ ಸಾಲಿನಲ್ಲಿ ಇನ್ನೊಂದು ಫೋಟೋ ಇದೆಯಲ್ಲ ಎಂದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇ‌ಗೆ? ಅದರಲ್ಲಿ ಕ್ಯಾಪ್ಟನ್ನರೇ ಇದ್ದಾರೆ, ಕ್ಯಾಪ್ಟನ್ನರು ಎದುರಿಗೇ ನಿಂತಿದ್ದಾರೆ. ಜೀವಂತ ಇದ್ದವರ ಫೋಟೋ ಮೇಲೆ ಹಾಕುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಹಾಲವ್ವ ಚೆಲ್ಲಿದ ಹಿಟ್ಟು ತುಳಿಯುತ್ತ ಹೋಗಿ ಮಗನ ಫೋಟೋವನ್ನು ಮೊಳೆಯಿಂದ ಕಿತ್ತು ಎದೆಗೆ ಅವಚಿಕೊಂಡಳು. "ನಾ ಹಾಕಗೊಡೂದಿಲ್ಲ. ಯಾರೂ ಇದನ್ನ ಮುಟ್ಟಬ್ಯಾಡ್ರಿ. ಈ ಗೋಡಿ ಬ್ಯಾಡ ಅಂತ ಅವತ್ತ ಹೇಳಿದ್ನಿ, ಕಾಲಿಗೆ ಬಿದ್ದಿದ್ನಿ. ನಿಮ್ಮ ಗೋಡಿ ತುಂಬಸಾಕ ನನ್ನ ಮಗನ ಬೇಕಾಗಿದ್ನೇನ್ರಿ?" ಮಾವನ ಎದುರು ಎಂದೂ ತಲೆಯ ಮೇಲಿನ ಸೆರಗು ಇಳಿಸದವಳು ಅಂದು ಬರಿತಲೆಯಲ್ಲಿ ನಿಂತು ಕೂಗಿದಳು. ಮುದುಕರು ಎಡಗೈ ಎತ್ತಿ ಏನೋ ಹೇಳಲು ಬಂದರು. "ಹೂಂ" ಎಂದಿತು ಬಾಯಿ.

ಆಗ ಫೋನು ಹೊಡೆದುಕೊಂಡಿತು. ಅದೇ ನಂಬರು.

ಮುತ್ಯಾನ ಎದೆಯ ಮೇಲೆ ಅದು ನಡುಗುತ್ತ ಕೂಗುತ್ತಿತ್ತು. ಹಾಲವ್ವ ಹಿಂದೆ ಸರಿದಳು. "ತಗೀಬ್ಯಾಡ" ಎಂದಳು, "ತಗೀಬ್ಯಾಡ ಮಗಳ, ನಿನ್ನ ಕಾಲ ಬೀಳ್ತೀನಿ." ಮೋನಾಲಿಗೂ ತೆಗೆಯುವುದು ಬೇಡವಾಗಿತ್ತು. ಅದು ನಿಂತುಹೋಗಲಿ, ನಂಬರು ತಪ್ಪಿರಲಿ, ಈ ಲೋಕದಲ್ಲಿ ಫೋನೆಂಬುದೇ ಇಲ್ಲದಿರಲಿ. ಆದರೆ ಅದು ಕೂಗುವುದನ್ನು ಕೇಳುತ್ತ ನಿಲ್ಲುವುದು ಇನ್ನೂ ಕಷ್ಟವಾಗಿತ್ತು. ಗುಂಡಿ ಒತ್ತಿ ಕಿವಿಗೆ ಹಿಡಿದಳು.

ಹುಡುಗಿಯೊಬ್ಬಳ ದನಿ, ಅತ್ತು ಅತ್ತು ಒಡೆದುಹೋದದ್ದು. "ಯಾರ್ರಿ, ಅಕ್ಕಾರಾ? ನಾ ಬೆಳುಂಕಿಯಿಂದ ಕಾಜಲ್ ರೀ, ವಿಠೋಬಾ ಅಜ್ಜನ ಮೊಮ್ಮಗಳು. ಅಜ್ಜ ನಸುಕಿನ್ಯಾಗ ಹೋದ್ರಿ. ಮುತ್ಯಾಗ ಆಗಳೇ ಹೇಳೀನಿ, ತಿಳೀತೋ ಇಲ್ಲೋ ಅಂತ ಮತ್ತ ಮಾಡೀನ್ರಿ. ಸಂಜೀಕ ಮಣ್ಣು..."

"ಸದ್ಯ!" ಎಂದಳು ಮೋನಾಲಿ.

ಅದು ಬಾಯಿಂದ ಹಾರಿಹೋಗಿತ್ತು. ಆ ಕಡೆ ಹುಡುಗಿ ಸುಮ್ಮನಾದಳು. ಮೋನಾಲಿಗೆ ಅದೂ ತಿಳಿಯಲಿಲ್ಲ, ಅವಳು ಅತ್ತೆಯ ಕಡೆ ತಿರುಗಿದ್ದಳು. "ಆಯಿ, ಇವರಲ್ಲ! ವಿಠೋಬಾ ಅಜ್ಜ! ಇವರಲ್ಲ, ವಿಠೋಬಾ ಅಜ್ಜ!"

"ಹೌದ?" ಹಾಲವ್ವ ಫೋಟೋ ಹಿಡಿದ ಕೈಯಲ್ಲೇ ಸೊಸೆಯನ್ನು ತಬ್ಬಿದಳು. "ಸಿದ್ಧರಾಮಾ, ಕಣ್ಣ ತಗದ್ಯಪ್ಪಾ! ನಿನಗ ಜೋಡ ಕಾಯಿ ಒಡಸ್ತೀನಿ!" ಇಬ್ಬರೂ ಹಿಟ್ಟಿನಲ್ಲಿ ನಿಂತು ಅತ್ತರು, ನಕ್ಕರು, ಒಬ್ಬರ ಕೆನ್ನೆಯನ್ನೊಬ್ಬರು ಸವರಿಕೊಂಡರು. ಎಷ್ಟು ಹೊತ್ತು ಹಾಗಿದ್ದರೋ, ಹಿಂದೆ ಏನೋ ಜಾರಿದ ಸದ್ದಾಯಿತು.

ಕ್ಯಾಪ್ಟನ್ನರು ಗೋಡೆಗೆ ಆನಿಸಿಕೊಂಡು ನೆಲಕ್ಕೆ ಕುಸಿದಿದ್ದರು. ಬಡಿಗೆ ಪಕ್ಕದಲ್ಲಿ ಬಿದ್ದಿತ್ತು. ಅವರು ಸೊಸೆಯನ್ನೂ ಮೊಮ್ಮಗನ ಹೆಂಡತಿಯನ್ನೂ ನೋಡುತ್ತಿದ್ದರು. ಸಿಟ್ಟಿನ ನೋಟವಲ್ಲ ಅದು. ತನ್ನ ಜೀವದ ಗೆಳೆಯ ಸತ್ತದ್ದಕ್ಕೆ ಕುಣಿಯುತ್ತಿರುವ ಮನೆಯವರನ್ನು ಯಾರಾದರೂ ಹೇಗೆ ನೋಡಬಹುದೋ ಹಾಗೆ ನೋಡುತ್ತಿದ್ದರು. ಮೋನಾಲಿಗೆ ಭೂಮಿ ಬಾಯ್ದೆರೆದು ನುಂಗಬಾರದೇ ಅನಿಸಿತು. ಕೈಯಲ್ಲಿ ಫೋನು ಇನ್ನೂ ಇತ್ತು. ಆ ಹುಡುಗಿ ಯಾವಾಗ ಇಟ್ಟಳೋ ಏನೋ.

ಹಾಲವ್ವ ಮೊದಲು ಸೆರಗು ತಲೆಗೆಳೆದುಕೊಂಡಳು. "ತಪ್ಪಾತ್ರಿ ಮಾವಾರ" ಎಂದಳು ನೆಲ ನೋಡುತ್ತ. "ಮಕ್ಕಳ ಹೆದರಿಕಿ ರೀ. ನಮ್ಮ ಕಣ್ಣಿಗೆ ಬ್ಯಾರೆ ಯಾರೂ ಕಾಣಲಿಲ್ಲ." ಇಬ್ಬರೂ ಕೂಡಿ ಅವರನ್ನು ಎಬ್ಬಿಸಿ ಕುರ್ಚಿಗೆ ಕೂಡಿಸಿ, ಬಡಿಗೆ ಕೈಗೆ ಕೊಟ್ಟರು. ಮುದುಕರ ಎಡಗೈ ಮತ್ತೆ ಗೋಡೆಯ ಕಡೆಗೇ ಹೋಯಿತು. ಈಗ ಅದು ಯಾವ ಫೋಟೋ ತೋರಿಸುತ್ತಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ, ಅಲ್ಲಿ ಉಳಿದಿದ್ದದ್ದೇ ಒಂದು.

"ಮ್ಯಾಲ" ಎಂದರು.

"ಹ್ಯಾಂಗ ಹಾಕೂದ್ರಿ?" ಎಂದಳು ಹಾಲವ್ವ. "ಅದರಾಗ ನೀವೂ ಅದೀರಲ್ರಿ. ಇದ್ದವರನ್ನ ಹಾಕಬಾರದ್ರಿ, ಅಪಶಕುನ. ರವಿಯ ಅಪ್ಪ ಜತ್ತದಾಗನ ಅದಾರ, ಸ್ಟುಡಿಯೋಕ್ಕ ಹೇಳಿ ವಿಠೋಬಾ ಕಾಕಾನ ಒಬ್ಬರ್ನ ಬ್ಯಾರೆ ಮಾಡಿಸಿ..."

ಬಡಿಗೆ ನೆಲಕ್ಕೆ ಅಪ್ಪಳಿಸಿತು. ಎಲ್ಲದಕ್ಕೂ ಹೂಂ ಎನ್ನುವ ಮನುಷ್ಯ ಇದಕ್ಕೆ ಮಾತ್ರ ಹೂಂ ಎನ್ನಲಿಲ್ಲ. ಎಡಗೈಯನ್ನು ತಮ್ಮ ಬಲ ಹೆಗಲಿಗೆ ಒಯ್ದು, ಐವತ್ತು ವರ್ಷದಿಂದ ಫೋಟೋದಲ್ಲಿ ವಿಠೋಬಾನ ತೋಳು ಇರುವ ಜಾಗವನ್ನು ತಟ್ಟಿ ತೋರಿಸಿದರು. ಕತ್ತರಿಸಬಾರದು. "ಮ್ಯಾಲ" ಎಂದರು ಮತ್ತೆ, ಅಪ್ಪಣೆ ಕೊಡುವ ದನಿಯಲ್ಲಿ.

ಹಾಲವ್ವನಿಂದ ಆಗಲಿಲ್ಲ. ಸ್ಟೂಲು ಹತ್ತಿದವಳು ಮೋನಾಲಿ. 'ಸದ್ಯ' ಎಂದವಳು ತಾನು, ಹತ್ತಬೇಕಾದವಳೂ ತಾನೇ ಎಂದು ಅವಳಿಗೆ ಅನಿಸಿತು. ಆ ಜೋಡಿ ಹುಡುಗರನ್ನು, ಅವರ ಬಂದೂಕುಗಳನ್ನು, ಶೇಂಗಾ ಹಿಂಡಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿನ ಸಾಲಿನ ಕೊನೆಯ ಮೊಳೆಗೆ ಹಾಕಿದಳು. ಗಾಜಿನ ಮೇಲೆ ಅವಳ ಹಿಟ್ಟಿನ ಬೆರಳುಗಳು ಮೂಡಿದವು. ಕೆಳಗೆ ಕ್ಯಾಪ್ಟನ್ನರು ಸಲ್ಯೂಟ್ ಮಾಡಲು ನೋಡಿದರು. ಬಲಗೈ ಏಳಲಿಲ್ಲ. ಎಡಗೈಯಲ್ಲೇ ಮಾಡಿದರು. ತನ್ನ ಫೋಟೋಕ್ಕೆ ತಾನೇ ಸಲ್ಯೂಟ್ ಮಾಡಿದ ಮನುಷ್ಯನನ್ನು ಮೋನಾಲಿ ಮೊದಲ ಸಲ ಕಂಡಳು.

ಕೆಳಗಿನ ಸಾಲು ಪೂರ್ತಿ ಬರಿದಾಗಿತ್ತು. ರವಿಯ ಫೋಟೋ ಇನ್ನೂ ಹಾಲವ್ವನ ಎದೆಯಲ್ಲೇ ಇತ್ತು. ಅದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕುವವಳಿದ್ದಳು. ಮುದುಕರು ಕೈ ಚಾಚಿದರು. ಅವಳು ಕೊಡಲಿಲ್ಲ. ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ಕಡೆಗೆ ಹಾಲವ್ವ ಕೊಟ್ಟಳು, ಕೊಡುವಾಗ ಕಣ್ಣು ಮುಚ್ಚಿಕೊಂಡಳು.

ಮುದುಕರು ಅದನ್ನು ತೊಡೆಯ ಮೇಲಿಟ್ಟು, ಪಂಚೆಯ ಅಂಚಿನಿಂದ ಗಾಜು ಒರೆಸಿ, ಮೋನಾಲಿಯ ಕೈಗೆ ಕೊಟ್ಟರು. ಬರಿದಾದ ಮೊಳೆಯ ಕಡೆ ಗದ್ದ ಎತ್ತಿದರು. ಬಾಯಿ ಮತ್ತೆ ಒದ್ದಾಡಿತು. ಈ ಮಾತು ಇನ್ನೂ ಕಷ್ಟದ್ದಾಗಿತ್ತು, ಬರಲಿಕ್ಕೆ ಬಹಳ ಹೊತ್ತು ಹಿಡಿಯಿತು.

"ಕೆ... ಳಗ."

ಈ ಸಲ ಮೋನಾಲಿಗೆ ಬಾಳೆಹಣ್ಣು ನೆನಪಾಗಲಿಲ್ಲ. ಗಂಡನನ್ನು ಒಯ್ದು ಕೆಳಗಿನ ಸಾಲಿಗೆ ಹಾಕಿದಳು.

ಶಿದ್ರಾಯ ಬಂದ ಮೇಲೆ ಎಲ್ಲರೂ ಟಮ್‌ಟಮ್ ರಿಕ್ಷಾ ಮಾಡಿಕೊಂಡು ಬೆಳುಂಕಿಗೆ ಹೋದರು. ಕ್ಯಾಪ್ಟನ್ನರಿಗೆ ಪದಕಗಳಿದ್ದ ಕೋಟು ಹಾಕಿದ್ದರು, ಬಿದ್ದ ಕೈಯನ್ನು ತೋಳಿನೊಳಗೆ ತೂರಿಸುವಷ್ಟರಲ್ಲಿ ಶಿದ್ರಾಯ ಬೆವತುಹೋಗಿದ್ದ. ವಿಠೋಬಾನನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ಅರಿಸಿನದ ಭಂಡಾರ, ಕೊರಳಿಗೆ ಹೂವು. ಕ್ಯಾಪ್ಟನ್ನರ ಕುರ್ಚಿಯನ್ನು ಮಗ್ಗುಲಿಗೇ ಹಾಕಿದರು. ಅವರು ಎಡಗೈಯನ್ನು ಗೆಳೆಯನ ಹೆಗಲ ಮೇಲಿಟ್ಟು ಕುಳಿತವರು ಮತ್ತೆ ತೆಗೆಯಲಿಲ್ಲ. ಕಾಜಲ್ ಒಂದು ಮೂಲೆಯಲ್ಲಿ ನಿಂತಿದ್ದಳು. ಮೋನಾಲಿಗೆ ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಭಜನೆಯವರು ತಾಳ ಹಿಡಿಯುವ ಹೊತ್ತಿಗೆ ಮೋನಾಲಿಯ ಸೆರಗಿನ ಗಂಟಿನಲ್ಲಿ ಫೋನು ನಡುಗಿತು. ಬೇವಿನ ಮರದ ಹಿಂದೆ ಓಡಿದಳು.

"ಹಲೋ, ನಾ ಮಾತಾಡಾಕತ್ತೀನಿ" ಎಂದ ರವಿ. ಗಾಳಿಯ ಸದ್ದು, ಅದರೊಳಗೆ ಅವನ ದನಿ. "ಇಷ್ಟ ದಿನ ಮ್ಯಾಲ ಇದ್ನಿ, ಅಲ್ಲಿ ರೇಂಜ್ ಇಲ್ಲ. ಈಗ ಕೆಳಗ ಇಳದೀನಿ, ಚಲೋ ಅದೀನಿ. ನಾಳಿ ಮತ್ತ ಮ್ಯಾಲ ಹೋಗೂದದ."

"ಆ ಮಾತು ಅನಬ್ಯಾಡ್ರಿ!" ಎಂದಳು.

"ಯಾವ ಮಾತು? ಏನಾತ? ಅಳಾಕತ್ತಿಯೇನು?" ಎನ್ನುವಷ್ಟರಲ್ಲಿ ಫೋನು ಕಡಿದುಹೋಯಿತು.

ತಿರುಗಿದರೆ ವಿಠೋಬಾನ ಹೆಂಡತಿ ಜನಾಬಾಯಿ ಹೆಂಗಸರ ನಡುವಿನಿಂದ ಅವಳನ್ನೇ ನೋಡುತ್ತಿದ್ದಳು. ಕೈಸನ್ನೆ ಮಾಡಿ ಕರೆದಳು. ಮೋನಾಲಿ ಹೋಗಿ ಎದುರಿಗೆ ಕುಳಿತಳು. ಆ ಮುದುಕಿಯ ಮುಂದೆ ಮುಖದ ಮೇಲಿನ ಸಂತೋಷವನ್ನು ಎಲ್ಲಿ ಅಡಗಿಸಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ರವೀದೇನು ಫೋನು?" ಎಂದಳು ಜನಾಬಾಯಿ. "ಹ್ಯಾಂಗ ಅದಾನ?"

ಚೆನ್ನಾಗಿದ್ದಾರೆ ಎನ್ನಲಿಕ್ಕೆ ಅವಳಿಗೆ ಎರಡು ಭಾಷೆಯಲ್ಲೂ ಮಾತು ಬರುತ್ತಿತ್ತು. "ಕೆಳಗ ಅದಾರ್ರಿ" ಎಂದಳು.

ಜನಾಬಾಯಿ ಆ ಗೋಡೆಯನ್ನು ಎಷ್ಟೋ ಸಲ ನೋಡಿದ್ದವಳು. ತಲೆ ಆಡಿಸಿದಳು. ಆಮೇಲೆ ಕೇಳಿದಳು, "ನಮ್ಮವರನ್ನ ಮ್ಯಾಲ ಹಾಕಿದ್ರ್ಯಾ?"

"ಹಾಕೀವ್ರಿ."

"ಕೈ ಕಡಸಿದ್ರೇನು?"

"ಇಲ್ರಿ. ಮುತ್ಯಾನ್ನೂ ಕೂಡೇ ಹಾಕೀವಿ."

ಜನಾಬಾಯಿ ಅಂಗಳದ ಕಡೆ ನೋಡಿದಳು. ಒಬ್ಬರ ಮಗ್ಗುಲಿಗೆ ಒಬ್ಬರು ಕುಳಿತ ಇಬ್ಬರು ಮುದುಕರನ್ನೂ ನೋಡಿದಳು. "ಚಲೋ ಆತು ಬಿಡು" ಎಂದಳು. "ಹಿಂಡಿ ಒಬ್ಬರ ಕುಂತು ತಿನ್ನಾಕ ಬರೂದಿಲ್ಲ ಅವರಿಗೆ." ಹಾಗೆಂದು ಬಾಯಿಗೆ ಸೆರಗು ಇಟ್ಟುಕೊಂಡು ಅತ್ತಳು. ಮೋನಾಲಿಯೂ ಅವಳ ಮೊಳಕಾಲು ಹಿಡಿದುಕೊಂಡು ಅತ್ತಳು. ಅದು ಯಾರಿಗಾಗಿ ಬಂದ ಅಳು ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಾಲವ್ವ ಹುಡುಕಿಕೊಂಡು ಬಂದು, ಕಿವಿಯ ಹತ್ತಿರ ಬಗ್ಗಿ, "ರವಿ ಮಾಡಿದ್ನಂತ? ಏನಂದ?" ಎಂದು ಕೇಳಿದಳು.

"ಚಲೋ ಅದಾರಂತ, ಆಯಿ. ಕೆಳಗ ಇಳದಾರಂತ."

ನಾಳೆ ಮತ್ತೆ ಮೇಲೆ ಹೋಗುವುದಿದೆ ಎಂದು ಅವನು ಅಂದದ್ದನ್ನು ಮೋನಾಲಿ ಯಾರಿಗೂ ಹೇಳಲಿಲ್ಲ.